ಮಗನ ಜೊತೆ ಗೋಳಗುಮ್ಮಟಕ್ಕೆ

ಕಳೆದ ಮೇ ತಿಂಗಳ ಒಂದು ದಿನ ಇಳಿಹೊತ್ತಿಗೆ ನಾನು ಮತ್ತು ನನ್ನ ಹಿರಿಯ ಮಗ ಮಂಗಳೂರಿನಲ್ಲಿ ವಿಜಯಪುರದ ರೈಲು ಹತ್ತಿದೆವು. ನನ್ನ ಕೈಯಲ್ಲಿ ಬುತ್ತಿಯ ಚೀಲವಿತ್ತು. ಅದರಲ್ಲಿ ಅಕ್ಕಿರೊಟ್ಟಿ, ಕೋಳಿ ಸುಕ್ಕ, ಒಂದು ಸಣ್ಣ ಬಾಟಲಿ ಮಾವಿನ ಉಪ್ಪಿನಕಾಯಿ. ಅವನ ಕೈಯಲ್ಲಿ ಒಂದು ಐಸ್ ಪೆಟ್ಟಿಗೆ. ಎದುರು ಸೀಟಿನವರು ಅದರಲ್ಲಿ ಮೀನಿದೆ ಎಂದುಕೊಂಡರೋ ಏನೋ, ಸ್ವಲ್ಪ ಸರಿದು ಕುಳಿತರು. ಅದರಲ್ಲಿದ್ದದ್ದು ಒಂದು ಇಂಜೆಕ್ಷನ್. ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿ ಇರಬೇಕು, ಆದರೆ ಹೆಪ್ಪುಗಟ್ಟಬಾರದು. ಹದಿನೈದು ದಿನಕ್ಕೊಮ್ಮೆ ಅದನ್ನು ಅವನು ತಾನೇ ತೊಡೆಗೆ ಚುಚ್ಚಿಕೊಳ್ಳುತ್ತಾನೆ.

ಅವನಿಗೆ ಈಗ ಇಪ್ಪತ್ತನಾಲ್ಕು ವರ್ಷ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದಾನೆ. ವಿಜಯಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಿತ್ತು. ಸಂದರ್ಶನಕ್ಕೆ ಗೆಳೆಯನೊಬ್ಬನ ಜೊತೆ ಹೋಗಿ ಬಂದಿದ್ದ. ಆಗ ನಾನೇನೂ ಅಡ್ಡಿ ಮಾಡಿರಲಿಲ್ಲ. ಕೆಲಸ ಸಿಗುತ್ತದೆ ಎಂದು ನಾನು ಎಣಿಸಿರಲೇ ಇಲ್ಲ, ಅದು ನಿಜವಾದ ಕಾರಣ. ಸಿಕ್ಕಿತು ಎಂದಾಗ ಮನೆಯಲ್ಲಿ ಒಂದು ವಾರ ಮಾತುಕತೆ ನಡೆಯಿತು. ಅಷ್ಟು ದೂರ, ಅಷ್ಟು ಬಿಸಿಲು, ಒಬ್ಬನೇ ಇರುವುದು, ರಾತ್ರಿ ನೋವು ಹೆಚ್ಚಾದರೆ ಬಿಸಿನೀರು ಕಾಯಿಸಿ ಕೊಡುವವರು ಯಾರು ಎಂದು ನಾನು. ಊರಿನಲ್ಲೇ ಕುಳಿತು ಮಾಡುವ ಕಂಪ್ಯೂಟರ್ ಕೆಲಸ ಸಿಗುತ್ತದಲ್ಲ ಎಂದು ಅವನ ಮಾವಂದಿರು. ಅವನದು ಒಂದೇ ಮಾತು: "ಎಂಟು ತಾಸು ಕುರ್ಚಿಯಲ್ಲಿ ಕೂರುವ ಕೆಲಸ ನನ್ನಿಂದ ಆಗದು. ನಿಂತು, ಓಡಾಡಿ ಪಾಠ ಮಾಡುವ ಕೆಲಸ ಆಗುತ್ತದೆ." ಕೊನೆಗೆ ಇವರು ತೀರ್ಪು ಕೊಟ್ಟರು. ನನ್ನನ್ನು ನೋಡಿ, "ಒಮ್ಮೆ ನೀನೇ ಹೋಗಿ ಊರು ನೋಡಿ ಬಾ, ಕೋಣೆ ಹುಡುಕಿ ಬನ್ನಿ. ಆಮೇಲೆ ಬೇಡ ಎನ್ನುವುದಿದ್ದರೆ ಹೇಳು" ಎಂದರು.

ಹಾಗಾಗಿ ನಾನು ವಿಜಯಪುರಕ್ಕೆ ಹೊರಟದ್ದು ಪ್ರವಾಸಿಯಾಗಿ ಅಲ್ಲ. ಅಲ್ಲಿ ಮಗನಿಗೆ ಇರಲು ಸಾಧ್ಯವಿಲ್ಲ ಎಂಬುದಕ್ಕೆ ಸಾಕ್ಷಿ ಹುಡುಕಲು ಹೊರಟಿದ್ದೆ.

ಅವನ ಕಾಯಿಲೆಯ ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಬಾಯಿಪಾಠವಾಗಲು ನನಗೆ ತಿಂಗಳು ಹಿಡಿಯಿತು. ಇದು ಮುಪ್ಪಿನಲ್ಲಿ ಬರುವ ಸವೆತದ ಬೆನ್ನುನೋವಲ್ಲ. ಹದಿನೇಳು, ಹದಿನೆಂಟು, ಇಪ್ಪತ್ತರ ಪ್ರಾಯದಲ್ಲೇ ಶುರುವಾಗುವ ಒಂದು ಬಗೆಯ ಸಂಧಿವಾತ. ರೋಗಗಳ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ತಪ್ಪಾಗಿ ಬೆನ್ನುಹುರಿಯ ಎಲುಬುಗಳ, ಸೊಂಟದ ಕೀಲುಗಳ ಮೇಲೆ ಬೀಳುತ್ತದೆ. ಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಗ್ಗಿಯೇ ಉಳಿಯಬಹುದು. ಪೂರ್ತಿ ಗುಣಪಡಿಸುವ ಮದ್ದು ಇಲ್ಲ. ಹತೋಟಿಯಲ್ಲಿಡುವ ಮದ್ದುಗಳು ಇವೆ. ಮಾತ್ರೆಗಳಿಂದ ಸಾಕಾಗದವರಿಗೆ ಅಡಾಲಿಮುಮ್ಯಾಬ್‌ನಂತಹ ಇಂಜೆಕ್ಷನ್ ಕೊಡುತ್ತಾರೆ. 2014ರ ಕೊನೆಯಿಂದ ಅದು ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಹಾಗಿದ್ದರೂ ನಮ್ಮಂತಹ ಮನೆಗೆ ಅದು ಭಾರವೇ. ಚಿನ್ನದ ಎರಡು ಬಳೆ ಅದಕ್ಕೆ ಹೋಗಿದೆ. ಅದನ್ನು ನಾನು ಅವನಿಗೆ ಹೇಳಿರಲಿಲ್ಲ. ಈ ಬರಹದಲ್ಲಿ ಓದಿ ತಿಳಿದುಕೊಂಡ.

ರೈಲು ಸುಬ್ರಹ್ಮಣ್ಯ ರೋಡ್ ದಾಟುವಾಗ ಕತ್ತಲಾಗತೊಡಗಿತ್ತು. ಅಲ್ಲಿಂದ ಸಕಲೇಶಪುರದವರೆಗೆ ಘಾಟಿ, 57 ಸುರಂಗಗಳು. ಮಳೆಗಾಲದಲ್ಲಿ ಹಗಲು ಹೋದವರು ಅದರ ಚೆಲುವನ್ನು ಎಷ್ಟು ಹೊಗಳಿದರೂ ಸಾಲದು. ನಮಗೆ ಕಂಡದ್ದು ಕತ್ತಲೆ, ಮತ್ತೆ ಅದಕ್ಕಿಂತ ಗಾಢವಾದ ಸುರಂಗದ ಕತ್ತಲೆ.

ಊಟ ಮುಗಿಸಿ ಮಲಗುವ ಹೊತ್ತಿಗೆ ಒಂದು ಪ್ರಸಂಗ ನಡೆಯಿತು. ನಮ್ಮಿಬ್ಬರಿಗೂ ಕೆಳಗಿನ ಬರ್ತ್. ಒಬ್ಬರು ಬಂದು ಮಗನನ್ನು, "ತಮ್ಮಾ, ನೀನು ನಡುವಿನ ಬರ್ತಿಗೆ ಹೋಗುತ್ತೀಯಾ? ನಮ್ಮ ಅಮ್ಮನಿಗೆ ಮೊಣಕಾಲು ನೋವು, ಹತ್ತಲಿಕ್ಕಾಗುವುದಿಲ್ಲ" ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ನೋಡಲು ಅವನು ಗಟ್ಟಿಮುಟ್ಟಾದ ಹುಡುಗ. ಅವನು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಯಾವಾಗ ನೋವು ಬಂತು, ಎಷ್ಟು ಡಾಕ್ಟರರನ್ನು ನೋಡಿದೆವು, ಎಂ.ಆರ್.ಐ.ನಲ್ಲಿ ಏನು ಬಂತು, ಇಂಜೆಕ್ಷನ್‌ಗೆ ಎಷ್ಟು ಖರ್ಚು, ಎಲ್ಲವನ್ನೂ. ಆಚೀಚೆಯ ಸೀಟಿನವರೂ ಇಣುಕಿ ನೋಡಿದರು. ಒಬ್ಬ ಹೆಂಗಸು "ಅಯ್ಯೋ ಪಾಪ, ಇಷ್ಟು ಸಣ್ಣ ಪ್ರಾಯದಲ್ಲಿ" ಎಂದು ಲೊಚಗುಟ್ಟಿದರು. ಇನ್ನೊಬ್ಬರು ಯಾವುದೋ ಎಣ್ಣೆಯ ಹೆಸರು ಹೇಳಿದರು. ಕೊನೆಗೆ ಟಿ.ಟಿ. ಬಂದು ಆ ಅಜ್ಜಿಗೆ ಬೇರೆ ಕಡೆ ಕೆಳಗಿನ ಬರ್ತ್ ಮಾಡಿಕೊಟ್ಟರು.

ನಡುರಾತ್ರಿ ಎಚ್ಚರವಾದಾಗ ಅವನು ಬರ್ತಿನಲ್ಲಿ ಇರಲಿಲ್ಲ. ಹೋಗಿ ನೋಡಿದರೆ ಬೋಗಿಯ ತುದಿಯಲ್ಲಿ ನಿಂತು ಸೊಂಟ ತಿರುಗಿಸುತ್ತಿದ್ದ. ಮಲಗಿದಷ್ಟೂ ಬಿಗಿಯುವುದು, ನಡೆದಾಡಿದರೆ ಸಡಿಲವಾಗುವುದು ಈ ನೋವಿನ ಸ್ವಭಾವ. ಹಾಗಾಗಿಯೇ ಅವನು ಬಸ್ಸಿಗಿಂತ ರೈಲನ್ನು ಇಷ್ಟಪಡುತ್ತಾನೆ. ನನ್ನನ್ನು ನೋಡಿ ಮೆತ್ತಗೆ ಹೇಳಿದ: "ಉಮ್ಮಾ, ನನ್ನ ಕಾಯಿಲೆಯನ್ನು ಬೋಗಿಯಲ್ಲಿ ಇದ್ದವರಿಗೆಲ್ಲ ಓದಿ ಹೇಳಬೇಡ. ಬೆನ್ನಿನ ತೊಂದರೆಯಿದೆ, ರಾತ್ರಿ ಎದ್ದು ಓಡಾಡಬೇಕಾಗುತ್ತದೆ, ಕೆಳಗೇ ಬೇಕು ಎಂದರೆ ಸಾಕಿತ್ತು. ಯಾರಿಗೆ ಎಷ್ಟು ಹೇಳಬೇಕು ಎಂಬುದು ನನಗಿರಲಿ."

ನನಗೆ ಬೇಸರವಾಯಿತು. ನಿನ್ನ ಪರವಾಗಿಯೇ ಅಲ್ಲವೇ ನಾನು ಮಾತಾಡಿದ್ದು ಎಂದೆ. ಅವನು ಉತ್ತರ ಕೊಡಲಿಲ್ಲ. ಹುಬ್ಬಳ್ಳಿಯವರೆಗೂ ನನಗೆ ನಿದ್ದೆ ಹತ್ತಲಿಲ್ಲ.

ಬೆಳಗಾದಾಗ ಹೊರಗೆ ಬೇರೆಯೇ ನಾಡಿತ್ತು. ಗದಗ, ಬಾದಾಮಿ, ಬಾಗಲಕೋಟೆ. ನಮ್ಮ ಕಡೆಯ ಗುಡ್ಡ, ತೆಂಗು, ಹೆಂಚಿನ ಮನೆ ಒಂದೂ ಇಲ್ಲ. ಕಣ್ಣು ಹೋದಷ್ಟು ದೂರ ಕಪ್ಪು ಮಣ್ಣಿನ ಖಾಲಿ ಹೊಲ, ನಡುವೆ ಒಂದೊಂದು ಬೇವಿನ ಮರ. ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ದಾಟಿದ ಮೇಲೆ ಮತ್ತೆ ಅದೇ ಬಯಲು. ವಿಜಯಪುರ ಬಂತು ಎನ್ನುವಾಗ ಮಗ ಕಿಟಕಿಯತ್ತ ಕೈ ತೋರಿಸಿದ. ನಿಲ್ದಾಣಕ್ಕೆ ಹತ್ತಿರದಲ್ಲೇ ಗೋಳಗುಮ್ಮಟ. ಚಿತ್ರದಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೂ ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ಹೊರಗೆ ಆಟೋದವರು, "ಎಲ್ಲಿಗ್ರಿ ಹೋಗೂದು?" ಎಂದು ಸುತ್ತುವರಿದರು. ಮಗ ಒಬ್ಬರನ್ನು ಆರಿಸಿ, "ಅಣ್ಣಾರೆ, ಹಂಪ್ ಬಂದಲ್ಲಿ ಸ್ವಲ್ಪ ನಿಧಾನ" ಎಂದ. "ಆತ್ರಿ ಸರ, ನಿಧಾನಕ ಹೋಗೂಣು" ಎಂದರು ಅವರು. ಅಷ್ಟೇ. ಯಾಕೆ, ಏನು ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಲಾಡ್ಜಿನವರೆಗೂ ಆಟೋ ತೊಟ್ಟಿಲಿನಂತೆ ಹೋಯಿತು.

ಲಾಡ್ಜಿನಲ್ಲಿ ಮೊದಲ ಜಗಳ ಹೊತ್ತಿನ ಬಗ್ಗೆ. ಗೋಳಗುಮ್ಮಟ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಆಗ ತಂಪು, ಜನರೂ ಕಡಿಮೆ, ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಮೂಲೆಯ ಪಿಸುಮಾತು ಎದುರು ಮೂಲೆಗೆ ಕೇಳಿಸುವುದೂ ಆಗಲೇ ಎಂದು ಹೋಗಿಬಂದವರೆಲ್ಲ ಹೇಳಿದ್ದರು. ನಾಳೆ ಆರಕ್ಕೆ ಹೋಗೋಣ ಎಂದೆ. "ಆರು ಗಂಟೆ ನನ್ನ ಲೆಕ್ಕದಲ್ಲಿ ಇಲ್ಲ ಉಮ್ಮಾ" ಎಂದ ಮಗ. ಬೆಳಿಗ್ಗೆ ಎದ್ದ ಮೇಲೆ ಅವನ ಬೆನ್ನು, ಸೊಂಟ ಸಡಿಲವಾಗಲು ಒಂದು ತಾಸು, ಕೆಲವು ದಿನ ಎರಡು ತಾಸು ಬೇಕು. ಬಿಸಿನೀರಿನ ಸ್ನಾನ ಆಗಬೇಕು, ನೆಲದ ಮೇಲೆ ವ್ಯಾಯಾಮ ಆಗಬೇಕು. "ಸಂಜೆ ನಾಲ್ಕಕ್ಕೆ ಹೋಗುವ. ಬಿಸಿಲಿದ್ದರೂ ಸರಿ, ಆಗ ನಾನು ಚೆನ್ನಾಗಿರುತ್ತೇನೆ." ಆರು ವರ್ಷದಿಂದ ಆ ದೇಹದೊಳಗೆ ವಾಸಿಸುತ್ತಿರುವವನು ಅವನು. ಆದರೂ ನಾನು ಅರ್ಧ ತಾಸು ವಾದಿಸಿದೆ.

ನಾಲ್ಕಕ್ಕೆ ಹೋದೆವು. ಬೇಸಿಗೆ ರಜೆ, ಎಲ್ಲೆಲ್ಲೂ ಮಕ್ಕಳು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಮೇ ತಿಂಗಳ ಕಲ್ಲಿನ ಮೇಲೆ ಬರಿಗಾಲು ಇಟ್ಟವರಿಗೇ ಗೊತ್ತು ಅದರ ಬಿಸಿ. ಬಾಗಿಲು ದಾಟಿದ್ದೇ ತಡ, ಒಳಗೆ ತಂಪು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಇದು. 18 ಸಾವಿರ ಚದರ ಅಡಿಗೂ ಮಿಕ್ಕಿದ ಒಂದೇ ಕೋಣೆ, ನಡುವೆ ಒಂದು ಕಂಬವೂ ಇಲ್ಲ. ಮೇಲೆ 44 ಮೀಟರ್ ಹೊರವ್ಯಾಸದ ಗುಮ್ಮಟ. ಅದರ ಭಾರವನ್ನು ಒಂದನ್ನೊಂದು ಕತ್ತರಿಸಿ ಹಾದುಹೋಗುವ ಕಮಾನುಗಳು ಗೋಡೆಗಳಿಗೆ ಹಂಚುತ್ತವೆ. ಗಣಿತದವನಲ್ಲವೇ, ಮಗ ತಲೆಯೆತ್ತಿ ಆ ಕಮಾನುಗಳನ್ನು ನನಗೆ ವಿವರಿಸತೊಡಗಿದ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರವಾಗುತ್ತದಂತೆ. ನನಗೆ ಅರ್ಧ ತಿಳಿಯಿತು. ಅವನು ಕತ್ತು ಎಷ್ಟು ಹೊತ್ತು ಎತ್ತಿ ಹಿಡಿದಿದ್ದಾನೆ ಎಂಬುದನ್ನೇ ನಾನು ಎಣಿಸುತ್ತಿದ್ದೆ. ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಬರೇ ಗುರುತಿಗೆ. ನಿಜವಾದ ಸಮಾಧಿಗಳು ಕೆಳಗೆ ನೆಲಮಾಳಿಗೆಯಲ್ಲಿವೆ.

ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ನಾಲ್ಕು ಗೋಪುರಗಳು. ಅವುಗಳ ಒಳಗಿನ ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಿ ಗ್ಯಾಲರಿಗೆ ಹೋಗಬೇಕು. ನೂರಕ್ಕೂ ಮಿಕ್ಕಿದ ಮೆಟ್ಟಿಲು, ಕೆಲವು ಮೊಣಕಾಲಿನ ಎತ್ತರಕ್ಕಿವೆ. ನಾನು ಊರಿನಿಂದಲೇ ಒಂದು ಮಡಚುವ ಸಣ್ಣ ಸ್ಟೂಲು ತಂದಿದ್ದೆ, ಅವನಿಗೆ ನಡುನಡುವೆ ಕೂರಲೆಂದು. "ಹತ್ತುವುದು ಬೇಡ ಮೋನೆ" ಎಂದು ಕೊನೆಯ ಸಲ ಹೇಳಿ ನೋಡಿದೆ. ಅವನು ನಕ್ಕು ಹತ್ತತೊಡಗಿದ. ಪ್ರತಿ ಅಂತಸ್ತಿನಲ್ಲೂ ಕಿಂಡಿಯ ಹತ್ತಿರ ನಿಲ್ಲುತ್ತಿದ್ದ. ಕೂರುವುದಿಲ್ಲ. ಗೋಡೆಗೆ ಎರಡೂ ಅಂಗೈ ಒತ್ತಿ ಬೆನ್ನು ಎಳೆದು, ಐದಾರು ಉಸಿರು ಬಿಟ್ಟು, ಮತ್ತೆ ಮೇಲೆ.

ನಾಲ್ಕನೆಯ ಅಂತಸ್ತಿನಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಅವನಿಗಾಗಿ ತಂದ ಸ್ಟೂಲಿನ ಮೇಲೆ ನಾನು ಕುಳಿತೆ. "ನೀನು ಇಲ್ಲೇ ಇರು, ನಾನು ನೋಡಿ ಬರುತ್ತೇನೆ" ಎಂದು ಅವನು ಹೋದ.

ಕಿಂಡಿಯಿಂದ ಊರು ಕಾಣುತ್ತಿತ್ತು. ಬಿಸಿಲಿಗೆ ಬಿಳುಚಿದ ಮನೆಗಳು, ನಡುವೆ ಹಳೆಯ ಕೋಟೆಗೋಡೆಯ ತುಂಡುಗಳು, ಒಂದೆರಡು ಗುಮ್ಮಟಗಳು. ಮೇಲಿನಿಂದ ಮಕ್ಕಳ ಕಿರುಚಾಟ ಬರುತ್ತಿತ್ತು. ಒಬ್ಬ ಕೂಗಿದರೆ ಗುಮ್ಮಟ ಅದನ್ನು ಮತ್ತೆ ಮತ್ತೆ ಕೂಗುತ್ತದೆ, ನೂರು ಜನ ಕೂಗಿದರೆ ಅದು ಕಡಲಿನ ಮೊರೆತದಂತಿರುತ್ತದೆ. ಅದರಲ್ಲಿ ನನ್ನ ಮಗನ ಧ್ವನಿ ಇದೆಯೋ ಎಂದು ಕಿವಿಗೊಟ್ಟೆ. ಬೀಳುವನೋ, ಇಳಿಯಲಾರದೆ ಅಲ್ಲೇ ಉಳಿದುಬಿಡುವನೋ ಎಂಬ ಯೋಚನೆ. ಆ ಯೋಚನೆಯ ನಡುವೆ ಹಳೆಯದೆಲ್ಲ ನೆನಪಾಯಿತು.

ಪಿ.ಯು.ಸಿ. ಓದುವಾಗ ಅವನು ಬೆಳಿಗ್ಗೆ ಏಳುತ್ತಿರಲಿಲ್ಲ. ಸುಬಹಿ ಬಾಂಗ್ ಆದರೂ ಮಲಗಿಯೇ ಇರುತ್ತಿದ್ದ. ಬೆನ್ನು ನೋಯುತ್ತದೆ ಎನ್ನುತ್ತಿದ್ದ. ಹತ್ತು ಗಂಟೆಗೆ ಎದ್ದು ಆಚೀಚೆ ಓಡಾಡಿದರೆ ಸಂಜೆ ಕ್ರಿಕೆಟಿಗೂ ಹೋಗುತ್ತಿದ್ದ. ಇದನ್ನು ನೋಡಿ ನಾನು ಏನು ತಿಳಿದುಕೊಳ್ಳಬೇಕು? ಸೋಮಾರಿತನ ಎಂದೆ. ರಾತ್ರಿಯೆಲ್ಲ ಮೊಬೈಲ್ ನೋಡುವುದರ ಫಲ ಎಂದೆ. ನಮಾಝ್ ತಪ್ಪಿಸಲು ನೆಪ ಎಂದೆ. ಹೊದಿಕೆ ಎಳೆದು ಬಿಸಾಡಿದ್ದೇನೆ. ಒಮ್ಮೆ ಮುಖಕ್ಕೆ ನೀರು ಚಿಮುಕಿಸಿದ್ದೇನೆ, ಅವನು ಎದ್ದು ಕೂರಲಾರದೆ ಒಂದು ಬದಿಗೆ ಹೊರಳಿ ಮಂಚದ ಅಂಚು ಹಿಡಿದುಕೊಂಡು ನನ್ನನ್ನು ನೋಡಿದ್ದ. ಆ ನೋಟ ಈಗಲೂ ನನ್ನ ಕಣ್ಣ ಮುಂದಿದೆ.

ಆಮೇಲೆ ಡಾಕ್ಟರರು. ಎಕ್ಸ್‌ರೇ ಸರಿಯಿದೆ, ರಕ್ತ ಸರಿಯಿದೆ ಎಂದರು. ಒಬ್ಬರು ಡಿಸ್ಕ್ ಎಂದು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವನಿಗೆ ಮಾಡಬಾರದಿದ್ದ ಕೆಲಸವೇ ಅದು. ಒಬ್ಬರು ಪರೀಕ್ಷೆಯ ಭಯ ಎಂದರು. ನನ್ನ ಅತ್ತೆ ಎಣ್ಣೆ ತಿಕ್ಕಿದರು. ಮೂರು ವರ್ಷ ಕಳೆದ ಮೇಲೆ ಒಬ್ಬ ಸಂಧಿವಾತ ತಜ್ಞರು ಹತ್ತು ನಿಮಿಷ ಅವನ ಮಾತು ಕೇಳಿ, ಎಂ.ಆರ್.ಐ. ಮಾಡಿಸಿ, ಹೆಸರು ಹೇಳಿದರು. ಅಂದು ಮನೆಗೆ ಬರುವಾಗ ಮಗ ಅತ್ತ. ಕಾಯಿಲೆ ಬಂತೆಂದು ಅತ್ತದ್ದಲ್ಲ. "ನಾನು ಸುಳ್ಳು ಹೇಳುತ್ತಿರಲಿಲ್ಲ ಉಮ್ಮಾ, ಈಗ ಗೊತ್ತಾಯಿತಲ್ಲ" ಎಂದ.

ಓದುಗರ ಮನೆಗಳಲ್ಲಿ ಹರೆಯದ ಮಕ್ಕಳಿದ್ದರೆ ಅವರಿಗಾಗಿ ಇಷ್ಟನ್ನು ಬರೆಯುತ್ತೇನೆ. ಬೆನ್ನಿನ ಕೆಳಭಾಗದ ನೋವು ಮೂರು ತಿಂಗಳಿಗಿಂತ ಹೆಚ್ಚು ಇದ್ದರೆ, ವಿಶ್ರಾಂತಿಯಿಂದ ಹೆಚ್ಚಾಗಿ ನಡೆದಾಟದಿಂದ ಕಡಿಮೆಯಾದರೆ, ರಾತ್ರಿಯ ಕೊನೆಯ ಜಾವದಲ್ಲಿ ಎಬ್ಬಿಸಿದರೆ, ಬೆಳಿಗ್ಗೆ ಅರ್ಧ ತಾಸಿಗೂ ಮೀರಿ ಮೈ ಬಿಗಿದಿದ್ದರೆ, ಸಂಧಿವಾತ ತಜ್ಞರನ್ನು ಕಾಣಿರಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎಚ್.ಎಲ್.ಎ. ಬಿ27 ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದು ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಎಂದೂ ಬರುವುದಿಲ್ಲ, ಹಾಗಾಗಿ ಆ ಒಂದು ಕಾಗದ ನೋಡಿ ಹೆದರುವುದೂ ಬೇಡ. ಹೆಣ್ಣುಮಕ್ಕಳಿಗೂ ಬರುತ್ತದೆ, ಅವರಲ್ಲಿ ಪತ್ತೆಯಾಗುವುದು ಇನ್ನೂ ತಡ.

ಹೆಸರು ತಿಳಿದ ಮೇಲೆ ನಾನು ತದ್ವಿರುದ್ಧವಾಗಿ ಬದಲಾದೆ. ಚೀಲ ಎತ್ತಬೇಡ, ಬೈಕ್ ಬೇಡ, ಮೆಟ್ಟಿಲು ಬೇಡ, ಗೆಳೆಯರ ಜೊತೆ ಮಡಿಕೇರಿ ಬೇಡ. ಮೊದಲು ಅವನ ನೋವನ್ನು ನಂಬಲಿಲ್ಲ. ಆಮೇಲೆ ನೋವಿಲ್ಲ ಎಂದು ಅವನು ಹೇಳಿದರೆ ಅದನ್ನೂ ನಂಬಲಿಲ್ಲ.

ಇಪ್ಪತ್ತು ನಿಮಿಷವಾಗಿರಬೇಕು, ಮೇಲಿನಿಂದ ಅವನು ಇಳಿದು ಬಂದ. ಒಂದು ಕೈ ಗೋಡೆಯ ಮೇಲೆ, ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು. ಮುಖ ಬಾಡಿತ್ತು, ಕಣ್ಣು ಮಾತ್ರ ಚುರುಕಾಗಿತ್ತು.

"ಹೇಗಿತ್ತು? ಪಿಸುಮಾತು ಕೇಳಿಸಿತಾ?"

"ಎಲ್ಲಿಯ ಪಿಸುಮಾತು! ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದರು. ಒಬ್ಬ ಹುಡುಗ ಚಪ್ಪಾಳೆ ತಟ್ಟಿದ, ಅದು ಎಷ್ಟು ಸಲ ಕೇಳಿಸಿತು ಎಂದು ಎಣಿಸಲು ನೋಡಿದೆ, ನಡುವೆ ಇನ್ನೊಬ್ಬ ಕೂಗಿದ. ಹೊರಗಿನ ತಾರಸಿಯಿಂದ ಇಡೀ ಊರು ಕಾಣುತ್ತದೆ ಉಮ್ಮಾ. ನಮ್ಮ ಕಾಲೇಜೂ ಕಾಣಿಸಿತು."

"ನೋವು?"

"ಇದೆ. ಹತ್ತದಿದ್ದರೂ ಇರುತ್ತಿತ್ತು."

ನಮ್ಮ ಕಾಲೇಜು ಎಂದ. ಆ ಮಾತನ್ನು ನಾನು ಗಮನಿಸಿದೆ, ಏನೂ ಹೇಳಲಿಲ್ಲ.

ಮರುದಿನ ಅವನು ಒಂಬತ್ತೂವರೆಯವರೆಗೂ ಏಳಲಿಲ್ಲ. ಬಲಗಾಲು ಎಳೆಯುತ್ತಿದ್ದ. ನಾನು ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಚಹಾದ ಜೊತೆ ನುಂಗಿದೆ. ಅಂದು ಶುಕ್ರವಾರ, ಇಂಜೆಕ್ಷನ್ ದಿನ. ಪೆಟ್ಟಿಗೆಯಿಂದ ತೆಗೆದು ಅರ್ಧ ತಾಸು ಹೊರಗಿಟ್ಟು, ಸ್ಪಿರಿಟ್ ಹಚ್ಚಿ, ಚುಚ್ಚಿಕೊಂಡ. ಮೂರು ವರ್ಷವಾದರೂ ನಾನು ಆ ಹೊತ್ತಿಗೆ ಮುಖ ತಿರುಗಿಸುತ್ತೇನೆ. ಜುಮಾಕ್ಕೆ ಹತ್ತಿರದ ಮಸೀದಿಗೆ ಹೋಗಿ ಬಂದು ಮತ್ತೆ ಮಲಗಿದ. ಅಸರ್ ಹೊತ್ತಿಗೆ ಜಾಮಿಯಾ ಮಸೀದಿಗೆ ಹೋಗೋಣ ಎಂದು ಅವನೇ ಹೇಳಿದ.

ಹೋಗುವ ಮೊದಲು ಒಂದು ಮಾತು. ನಮ್ಮ ಊರಿನ ಮಸೀದಿಯಲ್ಲಿ ಎರಡು ವರ್ಷದ ಹಿಂದೆ, ಅವನು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿ ನಮಾಝ್ ಮಾಡುತ್ತಿದ್ದಾಗ, ಹಿರಿಯರೊಬ್ಬರು "ಈ ಪ್ರಾಯಕ್ಕೇ ಕುರ್ಚಿಯಾ? ನಾನು ಎಪ್ಪತ್ತರಲ್ಲೂ ಸುಜೂದ್ ಮಾಡುತ್ತೇನೆ" ಎಂದಿದ್ದರು. ತಮಾಷೆಗೆ ಹೇಳಿದ್ದಂತೆ. ಅವನು ಎಂಟು ತಿಂಗಳು ಮಸೀದಿಗೆ ಹೋಗಲಿಲ್ಲ, ಮನೆಯಲ್ಲೇ ಮಾಡುತ್ತಿದ್ದ. ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿಯವರು(ಸ) ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ಹೇಳಿದ್ದನ್ನು ನಾವು ಮದ್ರಸದಲ್ಲೇ ಕಲಿಯುತ್ತೇವೆ. ಅದು ಮುದುಕರಿಗೆ ಮಾತ್ರ ಎಂದು ಎಲ್ಲಿಯೂ ಇಲ್ಲ.

ಜಾಮಿಯಾ ಮಸೀದಿಯನ್ನು ಕಟ್ಟಲು ಆರಂಭಿಸಿದ್ದು ಒಂದನೆಯ ಅಲಿ ಆದಿಲ್ ಶಾಹ್, 1565ರ ತಾಳೀಕೋಟೆ ಯುದ್ಧದ ಬಳಿಕ. ಪೂರ್ತಿಯಾಗಲೇ ಇಲ್ಲ. ಆದರೂ ಅದರ ನೀಳವಾದ ಕಮಾನುಗಳ ಸಾಲು ನೋಡಿದರೆ ಏನು ಕಡಿಮೆಯಾಗಿದೆ ಎಂದು ಹೇಳಲು ಬರುವುದಿಲ್ಲ. ಗೋಳಗುಮ್ಮಟಕ್ಕಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಒಳಗಿನ ನೆಲದಲ್ಲಿ ಮುಸಲ್ಲಾದ ಆಕಾರಕ್ಕೆ ಕಪ್ಪು ಗೆರೆ ಎಳೆದು ಒಬ್ಬೊಬ್ಬರಿಗೆ ಒಂದೊಂದು ಜಾಗ ಗುರುತಿಸಿದ್ದಾರೆ. ಎರಡು ಸಾವಿರಕ್ಕೂ ಮಿಕ್ಕಿ ಇವೆ, ಔರಂಗಝೇಬನ ಕಾಲದ್ದು ಎನ್ನುತ್ತಾರೆ.

ನಾನು ಅಂಗಳದ ಬದಿಯ ನೆರಳಿನಲ್ಲಿ ಕುಳಿತೆ. ಅಲ್ಲಿಂದ ಕಮಾನುಗಳ ಮೂಲಕ ಒಳಗೆ ಕಾಣುತ್ತದೆ. ಸಾಲಿನಲ್ಲಿ ಹತ್ತು ಹದಿನೈದು ಜನ ಇದ್ದರು. ಮಗ ತುದಿಯ ಒಂದು ಚೌಕದಲ್ಲಿ ನಿಂತ. ಕುರ್ಚಿ ತೆಗೆದುಕೊಳ್ಳಲಿಲ್ಲ. ಮೊದಲ ರಕಾಅತ್‌ನಲ್ಲಿ ಅರ್ಧ ಬಾಗಿದ. ಸುಜೂದ್‌ಗೆ ಇಳಿದು ಏಳುವಾಗ ತೊಡೆಯ ಮೇಲೆ ಕೈಯೂರಿ, ಎರಡು ಸಲ ಪ್ರಯತ್ನಿಸಿ ಎದ್ದ. ಹಿಂದಿನ ದಿನದ ಮೆಟ್ಟಿಲುಗಳ ಫಲ. ನಮಾಝ್‌ಗೆ ತಡವಾಗಿ ಬಂದ ಮಧ್ಯವಯಸ್ಸಿನ ಒಬ್ಬರು ಅದನ್ನು ಕಂಡರು. ಕಂಬದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಸದ್ದಾಗದಂತೆ ಅವನ ಹಿಂದೆ ಇಟ್ಟು, ಪಕ್ಕದ ಚೌಕದಲ್ಲಿ ನಿಂತು ಕೈಕಟ್ಟಿದರು. ಮಗ ಮುಂದಿನದನ್ನು ಕುಳಿತು ಮುಗಿಸಿದ. ಸಲಾಂ ಹೇಳಿದ ಮೇಲೆ ಇಬ್ಬರೂ ಕೈ ಕುಲುಕಿದರು. ಏನು ಮಾತಾಡಿದರು ಎಂದು ಕೇಳಿದೆ. "ಏನಿಲ್ಲ, ಯಾವ ಊರು ಎಂದು ಕೇಳಿದರು. ಮಂಗಳೂರು ಎಂದೆ. ಅಲ್ಲಿ ಮಳೆ ಶುರುವಾಯಿತಾ ಎಂದರು."

ಮೂರನೆಯ ದಿನ ಕೋಣೆ ಹುಡುಕಿದೆವು. ಇಬ್ರಾಹೀಮ್ ರೋಝಾವನ್ನು ಆಟೋದಲ್ಲಿ ಹೋಗಿ ಅರ್ಧ ತಾಸು ನೋಡಿದ್ದು ಬಿಟ್ಟರೆ ಆ ದಿನವೆಲ್ಲ ಕೋಣೆಗಳೇ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಸಮಾಧಿ ಅದು, ಕಲ್ಲಿನಲ್ಲಿ ಅಕ್ಷರಗಳನ್ನೇ ಕಿಟಕಿಯ ಜಾಲರಿಯಾಗಿ ಕಡೆದಿದ್ದಾರೆ. ಅರ್ಧ ತಾಸು ಸಾಲದು, ಹೋಗುವವರು ಒಂದು ಇಡೀ ಸಂಜೆ ಇಟ್ಟುಕೊಳ್ಳಿ.

ನನ್ನ ಪಟ್ಟಿಯಲ್ಲಿ ನೆಲಮಹಡಿ ಮೊದಲನೆಯದು. ಅವನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕುಳಿತುಕೊಳ್ಳುವ ಕಮೋಡ್, ಗೀಸರ್, ಗಟ್ಟಿ ಹಾಸಿಗೆ ಹಾಕಲು ಸಮತಟ್ಟಾದ ಮಂಚ, ಕಾಲೇಜಿಗೆ ನಡೆದೇ ಹೋಗುವಷ್ಟು ದೂರ, ಮತ್ತು ಫ್ರಿಜ್. ಐದು ಮನೆ ನೋಡಿದೆವು. ಎರಡು ಕಡೆ ಕಮೋಡ್ ಇಲ್ಲ. ಒಂದು ಕಡೆ ಒಂಟಿ ಹುಡುಗರಿಗೆ ಕೊಡುವುದಿಲ್ಲ ಎಂದರು. ಒಂದು ಕೋಣೆ ನನಗೆ ಬಹಳ ಇಷ್ಟವಾಗಿತ್ತು, ನೆಲಮಹಡಿ, ಪಕ್ಕದಲ್ಲೇ ದವಾಖಾನೆ. ಅವನು ಬೇಡ ಎಂದ. ಕಿಟಕಿ ಇರಲಿಲ್ಲ.

ಐದನೆಯದು ಮೊದಲ ಮಹಡಿಯಲ್ಲಿ. ಕೆಳಗೆ ಮಾಲೀಕರ ಮನೆ. ಮನೆಯ ಯಜಮಾನತಿ ನಮಗೆ ಮಜ್ಜಿಗೆ ಕೊಟ್ಟು ಕೂರಿಸಿದರು. ನಾನು ಬಾಯಿ ಬಿಗಿಹಿಡಿದು ಕುಳಿತಿದ್ದೆ, ರೈಲಿನ ಪಾಠ ನೆನಪಿತ್ತು. ಮಗನೇ ಹೇಳಿದ: "ನನಗೆ ಬೆನ್ನಿನ ಸಂಧಿವಾತ ಇದೆ. ಹದಿನೈದು ದಿನಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ನಾನು ಫ್ರಿಜ್ ಕೊಳ್ಳುವವರೆಗೆ ನಿಮ್ಮದರಲ್ಲಿ ಒಂದು ಸಣ್ಣ ಡಬ್ಬಿ ಇಡಬಹುದಾ?"

"ಅದಕ್ಕೇನ್ರಿ, ಇಡ್ರಿ. ನಮ್ಮ ಮನಿಯವರ್ದು ಇನ್ಸುಲಿನ್ ಐತಿ, ಅದರ ಬಾಜೂಕ ಇಟ್ಟರಾತು. ಕರೆಂಟ್ ಹೋದರ ಥರ್ಮಾಸ್‌ನ್ಯಾಗ ಹಾಕಿ ಇಡ್ತೀನಿ ನಾನು" ಎಂದರು.

ಅಷ್ಟರಲ್ಲಿ ಆ ಮಾತು ಮುಗಿದು, ಬಾಡಿಗೆ ಮತ್ತು ನೀರಿನ ಮಾತು ಶುರುವಾಯಿತು. ಎಷ್ಟು ದಿನದಿಂದ ನನ್ನ ನಿದ್ದೆ ಕೆಡಿಸಿದ್ದ ಫ್ರಿಜ್‌ನ ಚಿಂತೆ ಮೂರು ವಾಕ್ಯಗಳಲ್ಲಿ ಮುಗಿದಿತ್ತು. ಮೆಟ್ಟಿಲು ಎಣಿಸಿದೆ, ಹದಿನೆಂಟು. "ಮೆಟ್ಟಿಲು ನನಗೆ ಕಷ್ಟವಲ್ಲ ಉಮ್ಮಾ, ನಿನಗೆ ಕಷ್ಟ" ಎಂದ. ಅದು ನಿಜವೇ ಆಗಿತ್ತು. ಮುಂಗಡ ಕೊಟ್ಟು ಬಂದೆವು.

ಊರಿಗೆ ಬಂದು ಇವರಿಗೆ, "ಹೋಗಲಿ" ಎಂದಷ್ಟೇ ಹೇಳಿದೆ.

ಅವನು ಹೋಗಿ ಈಗ ಎಂಟು ತಿಂಗಳಾಯಿತು. ಎಲ್ಲ ಚೆನ್ನಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವನ ಎಡಗಣ್ಣು ಕೆಂಪಾಗಿ, ಬೆಳಕು ನೋಡಲಾರದಷ್ಟು ನೋವು ಬಂತು. ಈ ಕಾಯಿಲೆಯಿರುವವರಿಗೆ ಕಣ್ಣಿನೊಳಗೆ ಹೀಗೆ ಉರಿಯೂತ ಬರುವುದುಂಟು. ತಡಮಾಡಿದರೆ ದೃಷ್ಟಿಗೇ ಅಪಾಯ. ಅವನು ರಜೆ ಹಾಕಿ ಅಂದೇ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ, ಹನಿಮದ್ದು ತೆಗೆದುಕೊಂಡು, ನಮ್ಮ ಸಂಧಿವಾತ ತಜ್ಞರಿಗೂ ಫೋನ್ ಮಾಡಿದ್ದ. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ, ನಮಗೆ ಹೇಳುವುದೊಂದನ್ನು ಬಿಟ್ಟು. ನನಗೆ ತಿಳಿದದ್ದು ನಾಲ್ಕನೆಯ ದಿನ. ಫೋನಿನಲ್ಲೇ ದೊಡ್ಡ ಜಗಳವಾಯಿತು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ, ಅವನಿಗೂ ಅದು ಗೊತ್ತು.

ಕೊನೆಗೆ ಒಂದು ಒಪ್ಪಂದವಾಗಿದೆ. ಕಣ್ಣು ಕೆಂಪಾದರೆ ಅಥವಾ ಜ್ವರ ಬಂದರೆ ಅಂದೇ ನಮಗೆ ತಿಳಿಸಬೇಕು. ಆ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಸೋಂಕು ಬೇಗ ಹಬ್ಬಬಹುದು, ಜ್ವರವನ್ನು ಕಡೆಗಣಿಸುವಂತಿಲ್ಲ. ಉಳಿದ ದಿನ ನಾನು ಫೋನ್ ಎತ್ತಿದ ಕೂಡಲೇ "ನೋವು ಹೇಗಿದೆ" ಎಂದು ಕೇಳಬಾರದು. ಊಟ ಏನು, ಪಾಠ ಎಲ್ಲಿಗೆ ಬಂತು, ಇಂಥವನ್ನು ಕೇಳಬಹುದು. ಹೇಳಬೇಕೆನಿಸಿದರೆ ಅವನೇ ಹೇಳುತ್ತಾನೆ. ಕೆಲವು ಸಲ ಹೇಳುತ್ತಾನೆ.

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ಅವನಿಗೆ ಕಳಿಸಿದೆ. ಎರಡು ಕಡೆ ಗೆರೆ ಎಳೆದು ಹೊಡೆದುಹಾಕಿದ. ಬಳೆಯ ಸಾಲನ್ನು ಹೊಡೆಯಲಿಲ್ಲ, ಅದರ ಪಕ್ಕದಲ್ಲಿ ಏನೂ ಬರೆಯಲೂ ಇಲ್ಲ. ಆ ಭಾನುವಾರ ಫೋನ್ ಮಾಡಿದಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಊಟ ಆಯಿತು ಎಂದ. ಆಮೇಲೆ ನನ್ನ ಮೊಣಕಾಲಿನ ಬಗ್ಗೆ ವಿಚಾರಿಸಿದ. ಡಾಕ್ಟರರು ಹೇಳಿದ ವ್ಯಾಯಾಮ ಮಾಡುತ್ತಿದ್ದೇನೆಯೇ, ದಿನಕ್ಕೆ ಎಷ್ಟು ಸಲ, ಕುರ್ಚಿಯಲ್ಲಿ ಕುಳಿತೋ ಮಲಗಿಯೋ ಎಂದೆಲ್ಲ ಬಿಡದೆ ಕೇಳಿದ. ಮಾಡುತ್ತಿದ್ದೇನೆ ಎಂದೆ. ಅವನು ನಂಬಲಿಲ್ಲ.